ಮೀನಿನ ಮಳಿಗೆಯವರನ್ನು ಏನೆಂದು ಕೇಳಬೇಕು?

ಪ್ರಶ್ನೆ: ಬೆಂಗಳೂರಿನ ದೊಡ್ಡ ದಿನಸಿ ಮಳಿಗೆಯೊಂದರಲ್ಲಿ ನಾವು ಮೀನು ಕೊಳ್ಳುತ್ತೇವೆ. ಈಚೆಗೆ ಅಲ್ಲಿ ಬೆರಳುದ್ದದ ಬಂಗುಡೆಗಳನ್ನೂ ಮಾರಾಟಕ್ಕಿಟ್ಟಿದ್ದನ್ನು ನೋಡಿ ಬೇಸರವಾಯಿತು. ಕಡಲು ಬರಿದಾಗದಂತೆ ಹಿಡಿದ ಮೀನನ್ನೇ ತರಿಸಿ ಎಂದು ಗಿರಾಕಿಗಳು ಮಳಿಗೆಯವರನ್ನು ಒಪ್ಪಿಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಒಪ್ಪಿಸಬಹುದು. ಆದರೆ ಮೀನು ಕತ್ತರಿಸಿಕೊಡುವ ಹುಡುಗನನ್ನು ಕೇಳಿ ಪ್ರಯೋಜನವಿಲ್ಲ. ಯಾವ ಬಂದರಿನಿಂದ, ಯಾರ ಮೂಲಕ, ಎಷ್ಟು ದೊಡ್ಡ ಮೀನು ತರಿಸಬೇಕೆಂದು ನಿರ್ಧರಿಸುವವರು ಖರೀದಿ ವಿಭಾಗದವರು. ನೆರೆಹೊರೆಯ ನಾಲ್ಕೈದು ಮನೆಯವರು ಸಹಿ ಹಾಕಿದ ಪತ್ರವೊಂದನ್ನು ಅವರಿಗೇ ಬರೆಯಿರಿ.

ನೀವು ನೋಡಿದ ಬಂಗುಡೆಯಿಂದಲೇ ಪತ್ರವನ್ನು ಆರಂಭಿಸಬಹುದು. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಕೇರಳ ಸರ್ಕಾರವು 2015ರಲ್ಲಿ ಹಿಡಿಯಬಹುದಾದ ಮೀನುಗಳ ಕನಿಷ್ಠ ಗಾತ್ರವನ್ನು ಗೊತ್ತುಪಡಿಸಿತು. ಅದರ ಪ್ರಕಾರ ಬಂಗುಡೆ 14 ಸೆಂಟಿಮೀಟರ್, ಬೂತಾಯಿ 10 ಸೆಂಟಿಮೀಟರ್ ಉದ್ದವಿರಬೇಕು. ಹೆಚ್ಚುಕಡಿಮೆ ಬಾಲ್‌ಪೆನ್ನಿನಷ್ಟು ಉದ್ದವೂ ಇಲ್ಲದ ಬಂಗುಡೆ ಒಮ್ಮೆಯೂ ಮೊಟ್ಟೆಯಿಡದೆ ಬಲೆಗೆ ಸಿಕ್ಕಿರುತ್ತದೆ. ಇಷ್ಟು ಚಿಕ್ಕದನ್ನು ನಾವು ಕೊಳ್ಳುವುದಿಲ್ಲ, ನೀವೂ ತರಿಸಬೇಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಅಂಜಲ್ ಹೋಳುಗಳಾಗಿಯೇ ಮಾರಾಟವಾಗುವುದರಿಂದ ಅದರ ಗಾತ್ರ ಗಿರಾಕಿಗೆ ತಿಳಿಯುವುದಿಲ್ಲ. ಹಾಗಾಗಿ ಕತ್ತರಿಸುವ ಮೊದಲು ಇಡೀ ಮೀನನ್ನು ತೋರಿಸಿ ಎಂದು ಕೇಳುವುದು ನ್ಯಾಯವೇ.

ಮೀನು ಎಲ್ಲಿಂದ ಬಂತು, ಹೇಗೆ ಹಿಡಿದದ್ದು ಎಂದು ಕೇಳಿದರೆ, ಬಂದರಿನಲ್ಲಿ ಏಲಂ ಆಗುವಾಗ ಹತ್ತಾರು ದೋಣಿಗಳ ಮೀನು ಬೆರೆತುಹೋಗುತ್ತದೆ, ಲೆಕ್ಕ ಇಡಲಾಗದು ಎಂಬ ಉತ್ತರ ಬರಬಹುದು. ಇದನ್ನು ಒಪ್ಪಬೇಡಿ. ಹಿಡಿದ ಮೀನಿನ ಬಗ್ಗೆ ಪ್ರಮಾಣಪತ್ರವಿಲ್ಲದೆ ಐರೋಪ್ಯ ಒಕ್ಕೂಟವು 2010ರಿಂದ ಕಡಲಿನ ಮೀನನ್ನು ಆಮದು ಮಾಡಿಕೊಳ್ಳುತ್ತಿಲ್ಲ. ಅಲ್ಲಿಗೆ ಬೊಂಡಾಸ್ (ಸ್ಕ್ವಿಡ್) ಕಳುಹಿಸುವ ನಮ್ಮ ರಫ್ತುದಾರರು ಆ ಕಾಗದಪತ್ರಗಳನ್ನು ಒದಗಿಸುತ್ತಲೇ ಇದ್ದಾರೆ. ಹೊರದೇಶದ ಗಿರಾಕಿಗಾಗಿ ಇಡುವ ಲೆಕ್ಕವನ್ನು ಬೆಂಗಳೂರಿನ ಗಿರಾಕಿಗಾಗಿ ಏಕೆ ಇಡಬಾರದು? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ ಪ್ರಖರ ದೀಪ ಉರಿಸಿ ಮೀನು ಸೆಳೆಯುವುದನ್ನೂ, ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿದೆ. ಆದರೂ ಕರಾವಳಿಯಿಂದ ದೂರುಗಳು ಬರುವುದು ನಿಂತಿಲ್ಲ. ಆ ರೀತಿ ಹಿಡಿದ ಮೀನನ್ನು ಕೊಡುವುದಿಲ್ಲವೆಂದು ಪೂರೈಕೆದಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುವಂತೆ ಮಳಿಗೆಯವರನ್ನು ಒತ್ತಾಯಿಸಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜುಲೈ ತಿಂಗಳಲ್ಲಿ ‘ಮಲ್ಪೆಯ ತಾಜಾ ಮೀನು’ ಎಂಬ ಫಲಕ ಕಂಡರೆ, ಅದು ನಾಡದೋಣಿಯದೋ, ಚೆನ್ನೈ ಕಡೆಯದೋ, ಶೈತ್ಯಾಗಾರದಲ್ಲಿಟ್ಟಿದ್ದೋ ಎಂದು ವಿಚಾರಿಸಿ. ನಾಡದೋಣಿಯ ಮೀನಾದರೆ ಸಂತೋಷದಿಂದ ಕೊಳ್ಳಿ.

ಗಿರಾಕಿಗಳು ಅಂಜಲ್, ಮಾಂಜಿ, ಸಿಗಡಿ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ ಎಂಬುದು ಮಳಿಗೆಯವರ ಇನ್ನೊಂದು ಮಾತು, ಅದರಲ್ಲಿ ಸತ್ಯಾಂಶವೂ ಇದೆ. ಬೇಗ ಬಲಿಯುವ ಬಂಗುಡೆ, ಬೂತಾಯಿಗಳನ್ನು, ಗಾತ್ರ ಸರಿಯಿದ್ದಾಗ, ನೀವೂ ಕೊಂಡರೆ ನಿಮ್ಮ ಪತ್ರಕ್ಕೆ ತೂಕ ಬರುತ್ತದೆ.

ಪ್ರಶ್ನೆ: ವಿದೇಶದ ಮೀನಿನ ಪೊಟ್ಟಣಗಳ ಮೇಲೆ ನೀಲಿ ಬಣ್ಣದ ಮೀನಿನ ಗುರುತು ಇರುತ್ತದೆ. ನಮ್ಮ ಮಳಿಗೆಗಳಲ್ಲೂ ಅದನ್ನೇ ಹುಡುಕಬೇಕೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅದು 1997ರಲ್ಲಿ ಆರಂಭವಾದ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯ ಗುರುತು; ಕಡಲು ಬರಿದಾಗದಂತೆ ಮೀನು ಹಿಡಿಯುತ್ತಾರೆಂದು ಪರಿಶೀಲನೆಯಲ್ಲಿ ಖಚಿತವಾದವರಿಗೆ ಸಿಗುತ್ತದೆ. ಭಾರತದಲ್ಲಿ ಅದನ್ನು ಮೊದಲು ಪಡೆದದ್ದು ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಚಿಪ್ಪುಮೀನುಗಾರಿಕೆ, 2014ರಲ್ಲಿ. ಗುರುತಿದ್ದರೆ ಒಳ್ಳೆಯದೇ. ಆದರೆ ಪರಿಶೀಲನೆಯ ವೆಚ್ಚವನ್ನು ಸಣ್ಣ ಮೀನುಗಾರರು ಭರಿಸುವುದು ಕಷ್ಟ. ಗುರುತಿಲ್ಲವೆಂಬ ಒಂದೇ ಕಾರಣಕ್ಕೆ ನಾಡದೋಣಿಯವರ ಮೀನನ್ನು ಬಿಡಬೇಡಿ. ಬಂದರಿನ ಹೆಸರು, ಹಿಡಿದ ದಿನ, ಬಲೆಯ ಬಗೆ, ಇವಿಷ್ಟನ್ನು ಫಲಕದಲ್ಲಿ ಬರೆಯುವಂತೆ ಮಳಿಗೆಯವರನ್ನು ಕೇಳಿ.