ಪ್ರಾಂಪ್ಟಿನಲ್ಲಿ ಕ್ಲಸ್ಟರಿನ ಹೆಸರು ಸಾಕು, ಆರೋಗ್ಯ ಬೇಡ

ಕುಬರ್ನೆಟಿಸ್ ಕ್ಲಸ್ಟರಿನಲ್ಲಿ (ಹಲವು ಕಂಪ್ಯೂಟರುಗಳು ಒಟ್ಟಾಗಿ ತಂತ್ರಾಂಶ ಓಡಿಸುವ ಗುಂಪು) ಎಷ್ಟು ನೋಡ್‌ಗಳು, ಅಂದರೆ ಕಂಪ್ಯೂಟರುಗಳು, ಸಿದ್ಧವಿವೆ ಎಂಬುದನ್ನು ಶೆಲ್ ಪ್ರಾಂಪ್ಟಿನಲ್ಲೇ, ಅಂದರೆ ಆಜ್ಞೆ ಟೈಪಿಸುವ ಸಾಲಿನ ಆರಂಭದಲ್ಲೇ, ತೋರಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ತೋರಿಸಿಕೊಂಡಿದ್ದೆ. ಹಸಿರು ಬಣ್ಣದಲ್ಲಿ, 3/3 ಎಂದು.

ಆಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಪ್ರತಿ ಸಲ ಎಂಟರ್ ಒತ್ತಿದಾಗಲೂ ಕ್ಲಸ್ಟರನ್ನು ಮಾತಾಡಿಸುವ ಕುಬೆಕ್ಟಲ್ ಎಂಬ ಆಜ್ಞೆ ಓಡಿ ನೋಡ್‌ಗಳನ್ನು ಎಣಿಸಿಕೊಂಡು ಬರುವಂತೆ ನನ್ನ ಶೆಲ್ ಆದ ಬ್ಯಾಶ್‌ಗೆ ನಾಲ್ಕು ಸಾಲು ಸೇರಿಸಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಆರಿದ್ರಾ ಮಳೆ ಹಿಡಿದ ಮೇಲೆ ನೋಡಿ, ಕರೆಂಟು ಹೋದರೆ ಹಿಂದೆಯೇ ಮೊಬೈಲ್ ಟವರೂ ಹೋಗುತ್ತದೆ. ಬರೀ ಎಲ್‌ಎಸ್ ಹೊಡೆದರೂ ಕರ್ಸರ್ ಮಿಟುಕಿಸುತ್ತಾ ಕೂರತೊಡಗಿತು. ಎಷ್ಟು ಹೊತ್ತು ಕಾಯಬೇಕೆಂದು ನಾವು ಹೇಳದಿದ್ದರೆ ಕುಬೆಕ್ಟಲ್ ತಾನಾಗಿ ಮಿತಿ ಹಾಕಿಕೊಳ್ಳುವುದಿಲ್ಲ. ನನ್ನದೇ ಕಡತಗಳ ಪಟ್ಟಿ ನೋಡಲು ಕ್ಲಸ್ಟರ್ ಇದ್ದ ಮುಂಬೈಯ ಸರ್ವರಿನ ಅಪ್ಪಣೆ ಬೇಕಾಯಿತು.

ಅದಕ್ಕೊಂದು ಜಾಣತನ ಮಾಡಿದೆ. ಎಣಿಕೆಯನ್ನು ಹಿನ್ನೆಲೆಯಲ್ಲಿ ನಿಮಿಷಕ್ಕೊಮ್ಮೆ ನಡೆಸಿ ಕಡತವೊಂದರಲ್ಲಿ ಬರೆದಿಡುವುದು, ಪ್ರಾಂಪ್ಟು ಆ ಕಡತವನ್ನಷ್ಟೇ ಓದುವುದು. ವೇಗ ಬಂತು. ಜೊತೆಗೆ, ಪ್ರಾಂಪ್ಟಿನಲ್ಲಿರುವುದೆಲ್ಲ ಈಗಿನದು ಎಂಬ ಭ್ರಮೆಯೂ ಬಂತು.

ಒಂದು ಮಂಗಳವಾರ ಸಂಜೆ ಎರಡು ಟರ್ಮಿನಲ್ ತೆರೆದಿದ್ದೆ. ಎಡಗಡೆ ‘ಟೆಸ್ಟ್ 3/3’. ಬಲಗಡೆ, ಯಾರೋ ಲಾಗ್ ಕೇಳಿದರೆಂದು ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್ ಎಂಬ ಆಯ್ಕೆ) ಬದಲಾಯಿಸಿ ಪ್ರೊಡಕ್ಷನ್‌ಗೆ, ಅಂದರೆ ಜನ ನಿಜವಾಗಿ ಬಳಸುವ ಕ್ಲಸ್ಟರಿಗೆ, ಹೋಗಿದ್ದೆ. ಅಷ್ಟರಲ್ಲಿ ಕೊಟ್ಟಿಗೆಯ ಹಂಚು ಸರಿದು ಸೋರುತ್ತಿದೆ ಎಂದು ಅಮ್ಮ ಕೂಗಿದರು. ಬಕೆಟ್ ಇಟ್ಟು, ಕೈ ಒರೆಸಿಕೊಂಡು ಬಂದು ಎಡಗಡೆಯ ಕಿಟಕಿ ನೋಡಿದೆ. ಟೆಸ್ಟ್, ಹಸಿರು. ಹಳೆಯ ನೇಮ್‌ಸ್ಪೇಸ್, ಅಂದರೆ ಕ್ಲಸ್ಟರಿನೊಳಗಿನ ಒಂದು ಹೆಸರಿಟ್ಟ ವಿಭಾಗ, ಅಳಿಸುವ ಆಜ್ಞೆ ಕೊಟ್ಟೆ. ಅದೇ ಹೆಸರಿನ ನೇಮ್‌ಸ್ಪೇಸ್ ಪ್ರೊಡಕ್ಷನ್‌ನಲ್ಲೂ ಇತ್ತು.

ಇದೊಂದನ್ನು ಬಿಡಿಸಿ ಹೇಳಲೇಬೇಕು, ಬೇಸರಿಸಬೇಡಿ. ಯಾವ ಕ್ಲಸ್ಟರಿನೊಂದಿಗೆ ಮಾತಾಡಬೇಕು ಎಂಬುದು ಹೋಮ್ ಡೈರೆಕ್ಟರಿಯ ಕಾನ್ಫಿಗ್ ಕಡತದಲ್ಲಿ ಒಂದೇ ಒಂದು ಸಾಲು. ಎಲ್ಲ ಟರ್ಮಿನಲ್‌ಗಳೂ ಓದುವುದು ಅದನ್ನೇ. ಬಲಗಡೆ ಬದಲಾಯಿಸಿದರೆ ಎಡಗಡೆಯೂ ಬದಲಾಯಿತು. ಆದರೆ ಎಡಗಡೆಯ ಪ್ರಾಂಪ್ಟು ಅದಕ್ಕೂ ಮೊದಲೇ ಬರೆದಾಗಿತ್ತು, ಮತ್ತೆ ಎಂಟರ್ ಒತ್ತುವ ತನಕ ಹಾಗೇ ಇರುತ್ತದೆ. ಕುಬೆಕ್ಟಲ್ ಮಾತ್ರ ಓಡುವ ಕ್ಷಣದಲ್ಲಿ ಕಡತ ತೆರೆಯುತ್ತದೆ. ನಾನು ಓದಿದ್ದು ಇಪ್ಪತ್ತು ನಿಮಿಷದ ಹಿಂದಿನದು, ಅದು ಓದಿದ್ದು ಈಗಿನದು. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿ ಬರುತ್ತದಲ್ಲ, ಲಿಂಗನಮಕ್ಕಿ ಗರಿಷ್ಠ 1819 ಅಡಿ, ಇಂದಿನ ಮಟ್ಟ ಇಷ್ಟು ಎಂದು? ಆ ‘ಇಂದಿನ’ ಮಟ್ಟ ನಮ್ಮ ಜಗಲಿಗೆ ಬರುವಷ್ಟರಲ್ಲಿ ನಿನ್ನೆಯದಾಗಿರುತ್ತದೆ.

ತಪ್ಪು ಗೊತ್ತಾದ ತಕ್ಷಣ ಕಂಟ್ರೋಲ್-ಸಿ ಒತ್ತಿದೆ. ಅದರಿಂದ ನಿಂತದ್ದು ನನ್ನ ಟರ್ಮಿನಲ್ ಕಾಯುವುದು ಮಾತ್ರ. ಅಳಿಸುವ ಕೋರಿಕೆ ಆಗಲೇ ಸರ್ವರ್ ಸೇರಿತ್ತು. ನೇಮ್‌ಸ್ಪೇಸಿನ ಜೊತೆ ಅದರ ಡಿಸ್ಕ್‌ಗಳೂ ಹೋದವು, ಏಕೆಂದರೆ ಬೇಡಿಕೆಗೆ ತಕ್ಕಂತೆ ತಾನಾಗಿ ಹುಟ್ಟಿದ ಡಿಸ್ಕ್‌ಗಳನ್ನು ಉಳಿಸು ಎಂದು ಮೊದಲೇ ಹೇಳಿರದಿದ್ದರೆ ಅಳಿಸಿಹಾಕುವುದೇ ವಾಡಿಕೆ. ಬ್ಯಾಕಪ್ ಶನಿವಾರದ್ದಿತ್ತು. ಮುಂದಿನ ಎರಡು ವಾರ ನಾನು ಯಾರ ಫೋನ್‌ಗೂ ಉತ್ಸಾಹದಿಂದ ಹಲೋ ಎಂದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೋಡ್ ಸತ್ತರೂ ಅದು ಸಿದ್ಧವಿಲ್ಲ ಎಂದು ಗುರುತಿಸಲು ಕುಬರ್ನೆಟಿಸ್ ಸ್ವತಃ, ನಾವು ಬದಲಾಯಿಸದಿದ್ದರೆ, ಆವೃತ್ತಿಗೆ ತಕ್ಕಂತೆ 40ರಿಂದ 50 ಸೆಕೆಂಡಿನಷ್ಟು ಕಾಯುತ್ತದೆ. ನೋಡ್‌ಗಳೆಲ್ಲ ನೆಟ್ಟಗಿದ್ದು ಒಳಗಿನ ಪಾಡ್‌ಗಳು, ಅಂದರೆ ಅಲ್ಲಿ ಓಡುವ ತಂತ್ರಾಂಶದ ಘಟಕಗಳು, ಬಿದ್ದು ಏಳುತ್ತಿದ್ದರೂ ನಿಮ್ಮ 3/3 ಹಸಿರಾಗಿಯೇ ಇರುತ್ತದೆ. ತುಂಗೆ ಏರಿದ್ದಾಳೆಯೇ ಎಂದು ತಿಳಿಯಲು ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿ ಹೋಗಿ ಮಂಟಪ ಎಷ್ಟು ಮುಳುಗಿದೆ ಎಂದು ಕಣ್ಣಾರೆ ನೋಡುತ್ತಾರೆ. ಕ್ಲಸ್ಟರಿನ ಸ್ಥಿತಿ ಬೇಕೆಂದರೆ ನೀವೂ ಇನ್ನೊಂದು ಕಿಟಕಿಯಲ್ಲಿ ಕೆ9ಎಸ್ ಎಂಬ, ಕ್ಲಸ್ಟರನ್ನು ನೇರವಾಗಿ ತೋರಿಸುವ ಸಾಧನ ತೆರೆದು ನೋಡಿ.

ಪ್ರಾಂಪ್ಟಿಗೆ ಕ್ಯೂಬ್-ಪಿಎಸ್1 ಎಂಬ ಪುಟ್ಟ ಸ್ಕ್ರಿಪ್ಟ್ ಹಾಕಿಕೊಳ್ಳಿ. ಅದು ಕ್ಲಸ್ಟರನ್ನು ಮಾತಾಡಿಸುವುದಿಲ್ಲ, ಕಾನ್ಫಿಗ್ ಕಡತ ಬದಲಾಗಿದೆಯೇ ಎಂದು ನೋಡಿ ಕಾಂಟೆಕ್ಸ್ಟ್ ಮತ್ತು ನೇಮ್‌ಸ್ಪೇಸ್ ಹೆಸರು ತೋರಿಸುತ್ತದೆ, ಅಷ್ಟೇ. ಟವರ್ ಹೋದರೂ ತೊಂದರೆಯಿಲ್ಲ. ಬೇಡವಾದಾಗ ಕ್ಯೂಬ್‌ಆಫ್ ಎಂದರೆ ಮರೆಯಾಗುತ್ತದೆ. ಪ್ರಾಂಪ್ಟನ್ನು ಸಿಂಗರಿಸುವ ಸ್ಟಾರ್‌ಶಿಪ್ ಎಂಬ ಸಾಧನ ಬಳಸುವವರಾದರೆ ಅದರ ಕುಬರ್ನೆಟಿಸ್ ಭಾಗ ಮೊದಲಿಗೆ ಮುಚ್ಚಿರುತ್ತದೆ, ನೀವೇ ತೆರೆಯಬೇಕು. ಇದಕ್ಕಿಂತ ಮುಖ್ಯವಾಗಿ, ಕ್ಯೂಬ್‌ಕಾನ್ಫಿಗ್ ಎಂಬ ಪರಿಸರ ಚರದ ಮೂಲಕ ಒಂದೊಂದು ಟರ್ಮಿನಲ್‌ಗೂ ಬೇರೆ ಬೇರೆ ಕಾನ್ಫಿಗ್ ಕಡತ ಕೊಡಿ. ಆಗ ಬಲಗಡೆಯವನ ಕೈ ಎಡಗಡೆಗೆ ತಾಗುವುದಿಲ್ಲ. ಅಳಿಸುವ ಆಜ್ಞೆಯಲ್ಲಿ ಕಾಂಟೆಕ್ಸ್ಟ್ ಹೆಸರನ್ನು ಕೈಯಾರೆ ಬರೆಯಿರಿ. ನಾನು ಈಗಲೂ ಅದನ್ನು ಬರೆದು, ಒಮ್ಮೆ ಗಟ್ಟಿಯಾಗಿ ಓದಿಯೇ ಎಂಟರ್ ಒತ್ತುವುದು. ಅಮ್ಮ ಯಾರ ಜೊತೆ ಮಾತು ಎಂದು ಕೇಳುತ್ತಾರೆ.