ಹೆಸರು ಕತ್ತರಿಸಿ ಹೋದ ಮಾತ್ರೆ

"ಮೇಡಂ, ಮಾತ್ರೆ ನಿಲ್ಲಿಸಿದರೆ ಅದು ರಕ್ತದಿಂದ ಹೋಗುವುದಕ್ಕೆ ಎಷ್ಟು ದಿನ ಬೇಕು?"

ಆಪ್ತ ಸಮಾಲೋಚಕಿಯಾದ ನನ್ನೆದುರು ಕುರ್ಚಿಯ ತುದಿಯಲ್ಲಿ ಕುಳಿತು ಶೇಖರಪ್ಪನವರು ಕೇಳಿದ ಮೊದಲ ಮಾತು ಇದು. (ಹೆಸರು, ವಯಸ್ಸು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.) ವಯಸ್ಸು 43. ಇಪ್ಪತ್ತು ವರ್ಷದಿಂದ ಲಾರಿಯೇ ಜೀವನ. ಶಿವಮೊಗ್ಗದಲ್ಲಿ ಅಕ್ಕಿ ಹೇರಿಕೊಂಡು ಕುಂದಾಪುರದ ಕಡೆ ಇಳಿಯುವುದು, ಬರುವಾಗ ಸಿಕ್ಕಿದ ಲೋಡು ತರುವುದು. ಮುಂದಿನ ತಿಂಗಳು ಲೈಸೆನ್ಸ್ ನವೀಕರಣವಿತ್ತು. ರಕ್ತ ಪರೀಕ್ಷೆ ಮಾಡಿ ಮಾತ್ರೆ ನುಂಗುವವರನ್ನು ಹಿಡಿಯುತ್ತಾರೆ ಎಂದು ಲಾರಿ ಸ್ಟ್ಯಾಂಡಿನಲ್ಲಿ ಯಾರೋ ಹೆದರಿಸಿದ್ದರು. ಹೆದರಿದವರು ಎರಡು ದಿನದಿಂದ ಮಾತ್ರೆ ಬಿಟ್ಟಿದ್ದರು. ಬಿಟ್ಟದ್ದರ ಫಲ ಕಣ್ಣೆದುರಿಗೇ ಇತ್ತು. ಕೊಟ್ಟ ನೀರಿನ ಲೋಟ ಬಾಯಿಗೆ ಮುಟ್ಟುವ ಮೊದಲೇ ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಯಾವ ಮಾತ್ರೆ ಎಂದು ಕೇಳಿದೆ. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಮಾತ್ರೆ ಪಟ್ಟಿಯಿಂದ ಕತ್ತರಿಯಲ್ಲಿ ತುಂಡರಿಸಿದ, ನಾಲ್ಕು ಮಾತ್ರೆಗಳಿದ್ದ ಚೂರು. ಹೆಸರಿನ ತಲೆಯೂ ಅವಧಿ ಮುಗಿಯುವ ತಾರೀಖೂ ಬೇರೆ ಯಾರದೋ ಪಾಲಿಗೆ ಹೋಗಿದ್ದವು. ಉಳಿದದ್ದು 'ಜೆಪಾಂ 0.5' ಎಂಬ ಬಾಲ ಮಾತ್ರ. ಬೆಳ್ಳಿಬಣ್ಣದ ಹಾಳೆ ಬೆರಳಾಡಿಸಿ ಆಡಿಸಿ ನುಣುಪಾಗಿತ್ತು. ಇದು ಲಾರಿಯಲ್ಲಿ ದೇವರ ಪಟದ ಹಿಂದೆ ಇರುತ್ತಿತ್ತಂತೆ.

ಶುರುವಾದದ್ದು ಹಿಂದಿನ ಮಳೆಗಾಲದಲ್ಲಿ. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ಹಾಗಾಗಿ ಇವರ ದಾರಿ ಹುಲಿಕಲ್ ಘಾಟಿ. ಒಂದು ರಾತ್ರಿ ಲೋಡು ಹೊತ್ತು ಇಳಿಯುವಾಗ ಎದೆ ಹಿಡಿದುಕೊಂಡಿತು, ಕೈ ಜೋಮು ಹಿಡಿಯಿತು, ಉಸಿರು ಸಾಲದಾಯಿತು. "ಸತ್ತೇ ಹೋದೆ ಅಂದುಕೊಂಡೆ. ನನಗಿಂತ ಹೆಚ್ಚಾಗಿ ಪಕ್ಕದಲ್ಲಿ ಮಲಗಿದ್ದ ಕ್ಲೀನರ್ ಹುಡುಗನ ಯೋಚನೆ ಬಂತು." ಹೇಗೋ ಗಾಡಿ ಬದಿಗೆ ಹಾಕಿ ಕುಳಿತರು, ಕಾಲು ಗಂಟೆಯಲ್ಲಿ ಸರಿಹೋಯಿತು. ಇಸಿಜಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಹೇಳಿ ಕಳಿಸಿದ ವೈದ್ಯರು, ಏನಿರಬಹುದು ಎಂಬುದನ್ನು ಹೇಳಲಿಲ್ಲ. ಅದನ್ನು ಹೇಳಿದ್ದು ಇನ್ನೊಬ್ಬ ಚಾಲಕ: "ಟೆನ್ಷನ್ ಅಷ್ಟೇ ಅಣ್ಣ, ಇದನ್ನು ಅರ್ಧ ಹಾಕಿಕೋ." ಅರ್ಧ ಒಂದಾಯಿತು, ಒಂದು ಎರಡಾಯಿತು. ಎಂಟು ತಿಂಗಳು ಕಳೆಯಿತು.

ನಾನು ವೈದ್ಯೆಯಲ್ಲ, ಮಾತ್ರೆ ಕೊಡುವ ಬಿಡಿಸುವ ಅಧಿಕಾರ ನನಗಿಲ್ಲ. ಆದರೂ ಎರಡು ಮಾತು ಆಗಲೇ ಹೇಳಲೇಬೇಕಿತ್ತು. ತಿಂಗಳುಗಟ್ಟಲೆ ತೆಗೆದುಕೊಂಡ ಇಂಥ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು. ನಡುಕ, ನಿದ್ರೆಗೇಡು ಬರುತ್ತವೆ, ಕೆಲವರಿಗೆ ಫಿಟ್ಸ್ ಕೂಡ. ಸ್ಟಿಯರಿಂಗ್ ಮುಂದೆ ಫಿಟ್ಸ್ ಬಂದರೆ ಏನಾಗುತ್ತದೆಂದು ಅವರಿಗೆ ವಿವರಿಸಬೇಕಾಗಲಿಲ್ಲ. ಎರಡನೆಯದು, ಇವತ್ತು ಗಾಡಿ ಮುಟ್ಟಬೇಡಿ. ಅದೇ ಮಧ್ಯಾಹ್ನ ಅವರನ್ನು ಮನೋವೈದ್ಯರ ಬಳಿಗೆ ಕಳಿಸಿದೆ. ಮಾತ್ರೆ ದಿಗಿಲು, ಫಿಟ್ಸ್ ತಗ್ಗಿಸಲು ಕೊಡುವ ಕ್ಲೊನಜೆಪಾಂ ಎಂದು ಖಚಿತವಾಯಿತು. ದೇಹಕ್ಕೆ ಹೋದದ್ದರಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 30ರಿಂದ 40 ಗಂಟೆ ಬೇಕು. ರಾತ್ರಿ ನುಂಗಿ ಬೆಳಿಗ್ಗೆ ಐದಕ್ಕೆ ಗಾಡಿ ಹತ್ತುವ ಮನುಷ್ಯನಿಗೆ ಇದನ್ನು ಯಾರೂ ಹೇಳಿರಲಿಲ್ಲ. "ನಿದ್ದೆ ಬರುತ್ತಿರಲಿಲ್ಲ ಮೇಡಂ, ಆದರೆ ಬ್ರೇಕ್ ಒತ್ತುವುದು ಒಂದು ಗಳಿಗೆ ತಡವಾಗುತ್ತಿತ್ತು" ಎಂದರು. ತೂಕಡಿಕೆಯಾದರೆ ಗೊತ್ತಾಗುತ್ತದೆ, ಈ ಮಂಕು ಗೊತ್ತಾಗುವುದಿಲ್ಲ. ತೂಕಡಿಕೆ ಬಾರದಿರಲಿ ಎಂದು ದಿನಕ್ಕೆ ಎಂಟು ಹತ್ತು ಗುಟ್ಕಾ ಬೇರೆ. ಅಡಿಕೆ, ತಂಬಾಕು ಎರಡೂ ಎದೆಬಡಿತ ಏರಿಸುತ್ತವೆ. ಏರಿದ ಎದೆಬಡಿತ ಮತ್ತೆ ಘಾಟಿಯ ಆ ರಾತ್ರಿಯಂಥ ದಿಗಿಲು (ಪ್ಯಾನಿಕ್) ಹುಟ್ಟಿಸುತ್ತದೆ. ದಿಗಿಲಿಗೆ ಮತ್ತೆ ಮಾತ್ರೆ.

ವೈದ್ಯರು ಹಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುವ ಲೆಕ್ಕ ಬರೆದರು, ಜೊತೆಗೆ ದಿಗಿಲು, ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಂ ಶುರು ಮಾಡಿದರು. ಇದರ ಗುಣ ಕಾಣಲು ಕೆಲವು ವಾರಗಳೇ ಬೇಕು, ಮೊದಲ ದಿನಗಳಲ್ಲಿ ತಳಮಳ ತುಸು ಹೆಚ್ಚಿದರೂ ಹೆಚ್ಚೀತು. ಇದನ್ನು ಅವರ ಪತ್ನಿಗೂ ಕೂರಿಸಿ ಹೇಳಿದೆ. ಇಲ್ಲವಾದರೆ ನಾಲ್ಕನೆಯ ದಿನಕ್ಕೆ ಅದನ್ನೂ ಬಿಟ್ಟುಬಿಡುತ್ತಿದ್ದರು.

ಇನ್ನು ಲೈಸೆನ್ಸ್. ಸಾರಿಗೆ ವಾಹನದ ಚಾಲಕರಿಗೆ ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರಲ್ಲಿ ಮಾತ್ರೆ ಪತ್ತೆಹಚ್ಚುವ ರಕ್ತ ಪರೀಕ್ಷೆಯ ಮಾತಿಲ್ಲ. ಮೂರ್ಛೆ, ತಲೆಸುತ್ತು, 'ಚಾಲನಾ ಸಾಮರ್ಥ್ಯದ ಮೇಲೆ ಪರಿಣಾಮ ಬೀರಬಹುದಾದ' ಮಾನಸಿಕ ಕಾಯಿಲೆ ಇದೆಯೇ ಎಂಬ ಪ್ರಶ್ನೆಯಿದೆ. ಕಾಯಿಲೆ ಇದೆಯೇ ಎಂಬುದಲ್ಲ, ಚಾಲನೆಗೆ ತೊಡಕಾಗುತ್ತದೆಯೇ ಎಂಬುದು. ಈ ವ್ಯತ್ಯಾಸ ತಿಳಿದ ಮೇಲೆ ಶೇಖರಪ್ಪನವರು ಕುರ್ಚಿಯ ಒರಗಿಗೆ ಬೆನ್ನು ಕೊಟ್ಟರು. ಸಹಿ ಹಾಕುವ ವೈದ್ಯರ ಮುಂದೆ ಮನೋವೈದ್ಯರು ಬರೆದ ಚೀಟಿ ಮುಚ್ಚಿಡಬೇಡಿ ಎಂದೆ. ದುಡ್ಡು ಕೊಟ್ಟರೆ ಮುಖ ನೋಡದೆ ಸಹಿ ಹಾಕುವವರಿದ್ದಾರೆ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಅಪಾಯವೆಂದು ತಿಳಿದೂ ಆ ಸ್ಥಿತಿಯಲ್ಲಿ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 186ನೇ ಕಲಂ ಪ್ರಕಾರ ಅಪರಾಧ. ಆ ಸಹಿ ಅವರನ್ನು ಕಾಪಾಡುವುದಿಲ್ಲ. ಆತುರವೂ ಬೇಕಿರಲಿಲ್ಲ. ಅವಧಿ ಮುಗಿದ ಮೇಲೆ ಒಂದು ವರ್ಷದೊಳಗೆ ನವೀಕರಿಸಿಕೊಂಡರೆ ಮತ್ತೆ ಚಾಲನಾ ಪರೀಕ್ಷೆ ಇರುವುದಿಲ್ಲ. ನಡುವೆ ಗಾಡಿ ಓಡಿಸುವಂತಿಲ್ಲ, ಅಷ್ಟೇ.

ಆ 'ಅಷ್ಟೇ' ಮನೆಯ ಮಟ್ಟಿಗೆ ಸಣ್ಣದಾಗಿರಲಿಲ್ಲ. ಬಾಟಾ (ಓಡಾಟದ ಭತ್ಯೆ) ನಿಂತರೆ ಮಗಳ ಪಿಯುಸಿ ಶುಲ್ಕ ಎಲ್ಲಿಂದ? ಮಾಲೀಕರಿಗೆ ಏನು ಹೇಳುವುದು? ಕಾಯಿಲೆಯ ಹೆಸರು ಹೇಳಬೇಕಿಲ್ಲ, 'ಎರಡು ತಿಂಗಳು ವಾಹನ ಚಾಲನೆ ಬೇಡ' ಎಂಬ ವೈದ್ಯರ ಪತ್ರ ಸಾಕು ಎಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಆ ಗೋಪ್ಯತೆಗೂ ಒಂದು ಗಡಿ ಇದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಹೇಳುವಾಗ ನನಗೇ ಅಳುಕಿತ್ತು, ಎದ್ದು ಹೋಗಿಬಿಟ್ಟರೆ ಎಂದು. ಹೋಗಲಿಲ್ಲ. ಮಾಲೀಕರು ಗೊಣಗುತ್ತಲೇ ಗೋದಾಮಿನಲ್ಲಿ ಚೀಲ ಲೆಕ್ಕ ಬರೆಯುವ ಕೆಲಸ ಕೊಟ್ಟರು. ಸಂಬಳ ಅರ್ಧ.

ನನ್ನ ಪಾಲಿನ ಕೆಲಸ ದಿಗಿಲಿನದು. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ, ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕೋಣೆಯಲ್ಲೇ ಮೆಟ್ಟಿಲು ಹತ್ತಿ ಇಳಿಸಿ ಎದೆಬಡಿತ ಏರಿಸಿದೆ, ಗಡಿಯಾರ ನೋಡುತ್ತ ಕುಳಿತೆವು. ಆಮೇಲೆ ನಿಲ್ಲಿಸಿದ ಲಾರಿಯಲ್ಲಿ ಸುಮ್ಮನೆ ಕೂರುವುದು. ಆಮೇಲೆ ಪತ್ನಿಯ ಜೊತೆ ಬಸ್ಸಿನಲ್ಲಿ ಹುಲಿಕಲ್ ಇಳಿದು ಬರುವುದು. ಮೊದಲ ಸಲ ಮಾಸ್ತಿಕಟ್ಟೆಯಲ್ಲೇ ಇಳಿದು ವಾಪಸ್ ಬಂದರು. ಎರಡನೆಯ ಸಲ ಕಿಟಕಿ ಬದಿಯಲ್ಲಿ ಕುಳಿತು, ಸೀಟಿನ ಕಂಬಿ ಹಿಡಿದು, ಕುಂದಾಪುರದವರೆಗೆ ಹೋಗಿ ಮೀನೂಟ ಮಾಡಿ ಬಂದರು.

ತಡವಾಗಿಯೇ ಆದರೂ ಚೀಟಿಗಳನ್ನೆಲ್ಲ ನೋಡಿದ ವೈದ್ಯರ ಸಹಿಯೊಂದಿಗೆ ಲೈಸೆನ್ಸ್ ಬಂತು. ಈಗ ದಾವಣಗೆರೆ, ಹರಿಹರದ ಕಡೆ ಹಗಲು ಬಾಡಿಗೆ ಮಾತ್ರ ಒಪ್ಪುತ್ತಾರೆ. ಗುಟ್ಕಾ ಮೂರಕ್ಕೆ ಇಳಿದಿದೆ, ಪೂರ್ತಿ ಬಿಟ್ಟಿಲ್ಲ. ಘಟ್ಟದ ಲೋಡು ಯಾವಾಗ ಎಂದು ಮೊನ್ನೆ ಕೇಳಿದೆ. "ಈ ಒಂದು ಮಳೆಗಾಲ ಕಳೆಯಲಿ ಮೇಡಂ" ಎಂದರು. ನಾನು ಒತ್ತಾಯಿಸಲಿಲ್ಲ.