ಕರ್ಟ್ ವಾರ್ನರ್: ಅಂಗಡಿಗೂ ಸೂಪರ್ ಬೌಲ್‌ಗೂ ನಡುವೆ ಐದು ವರ್ಷ ಇತ್ತು

ನೀವು ಕೇಳಿದ್ದು ಇಷ್ಟು: ಕಿರಾಣಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಕರ್ಟ್ ವಾರ್ನರ್ ಅನ್ನೋನು ರಾತ್ರೋರಾತ್ರಿ ಅಮೆರಿಕನ್ ಫುಟ್‌ಬಾಲ್ ಚಾಂಪಿಯನ್ ಆದ ಅಂತ ಒಂದು ರೀಲ್‌ನಲ್ಲಿ ನೋಡಿದೆ, ಇದು ನಿಜವಾ, ನಿಜ ಆದರೆ ಬರೀ ಅದೃಷ್ಟವಾ, ಅವನ ಆಟ ನೋಡಬೇಕು ಅಂದರೆ ಯಾವ ಪಂದ್ಯ ನೋಡಲಿ?

ಅಂಗಡಿ ನಿಜ. ಚಾಂಪಿಯನ್ ಆಗಿದ್ದೂ ನಿಜ. ರಾತ್ರೋರಾತ್ರಿ ಅನ್ನೋದು ಮಾತ್ರ ಶುದ್ಧ ಸುಳ್ಳು. ಅದೃಷ್ಟದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಸ್ವಲ್ಪ ಉದ್ದದ ಕತೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಹಾಸನದ ಕಡೆಯವನು. 2007ರಲ್ಲಿ ಎಂ.ಎಸ್. ಓದೋಕೆ ಅರಿಜೋನಾದ ಟೆಂಪಿಗೆ ಬಂದೆ. ಆಗ ನನಗೆ ಈ ಆಟ ಅಂದರೆ ಹೆಲ್ಮೆಟ್ ಹಾಕಿಕೊಂಡ ದಪ್ಪ ದಪ್ಪ ಗಂಡಸರು ಒಬ್ಬರ ಮೇಲೆ ಒಬ್ಬರು ಬಿದ್ದು, ಆಮೇಲೆ ಎದ್ದು, ಜಾಹೀರಾತು ಬಂದು, ಮತ್ತೆ ಬೀಳೋದು, ಅಷ್ಟೇ. ನಮ್ಮ ಊರಿನ ತಂಡ ಅರಿಜೋನಾ ಕಾರ್ಡಿನಲ್ಸ್. ಅದರ ಕ್ವಾರ್ಟರ್‌ಬ್ಯಾಕ್ ವಾರ್ನರ್. ಹಾಗಾಗಿ ನಾನು ಅವನನ್ನು ನೋಡಲು ಶುರು ಮಾಡಿದ್ದು ಕತೆಯ ಎರಡನೇ ಅರ್ಧದಿಂದ, ರೀಲ್‌ನವರು ಬಿಟ್ಟೇಬಿಡೋ ಅರ್ಧದಿಂದ.

ಕ್ವಾರ್ಟರ್‌ಬ್ಯಾಕ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಹನ್ನೊಂದು ಜನರ ಎದುರು ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಸಲ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಅವನು ಅದನ್ನು ಓಡುವವನ ಕೈಗೆ ಕೊಡಬೇಕು, ಇಲ್ಲವೇ ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬೇಕು. ಯೋಚನೆಗೆ ಸಿಗೋದು ಎರಡೂವರೆ, ಮೂರು ಸೆಕೆಂಡು. ಅಷ್ಟರೊಳಗೆ ಎಸೆಯದಿದ್ದರೆ ಎದುರಿನವರು ಕಬಡ್ಡಿಯಲ್ಲಿ ರೇಡರ್‌ನ ಹಿಡಿದು ಕೆಡವುವ ಹಾಗೆ ಕೆಡವುತ್ತಾರೆ, ಆದರೆ ಹಿಡಿಯೋರು ನೂರಿಪ್ಪತ್ತು ಕೆಜಿಯವರು. ಇನ್ನೊಂದು ಮುಖ್ಯ ವಿಷಯ: ತಂಡಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡೋದು. ಎರಡನೆಯವನು, ಮೂರನೆಯವನು ಇರುತ್ತಾರೆ, ಆದರೆ ಮೊದಲನೆಯವನಿಗೆ ಪೆಟ್ಟು ಬೀಳಬೇಕು ಅಥವಾ ಅವನು ತುಂಬಾ ಕೆಟ್ಟದಾಗಿ ಆಡಬೇಕು, ಅಲ್ಲಿವರೆಗೆ ಇವರು ಅಂಚಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲೋದೇ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ವಾರ್ನರ್ ಕತೆಯೆಲ್ಲ ಇದರ ಸುತ್ತಾನೇ ತಿರುಗೋದು.

ಅವನು ಅಯೋವಾ ರಾಜ್ಯದವನು, ಹುಟ್ಟಿದ್ದು 1971. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದಿದ. ಅದೇನೂ ಈ ಆಟಕ್ಕೆ ದೊಡ್ಡ ಹೆಸರಿನ ಕಾಲೇಜಲ್ಲ, ಆದರೆ ಅಲ್ಲೂ ಅವನಿಗೆ ಕೊನೆಯ ವರ್ಷದವರೆಗೆ ಆಡುವ ಜಾಗ ಸಿಗಲಿಲ್ಲ. 1994ರ ಡ್ರಾಫ್ಟ್‌ನಲ್ಲಿ (ಐಪಿಎಲ್ ಹರಾಜಿನ ಥರ, ಆದರೆ ಇಲ್ಲಿ ಬೆಲೆ ಕೂಗೋದಿಲ್ಲ, ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ) ಏಳು ಸುತ್ತು ಮುಗಿದು ಇನ್ನೂರಕ್ಕೂ ಜಾಸ್ತಿ ಹುಡುಗರ ಹೆಸರು ಬಂದರೂ ಇವನ ಹೆಸರು ಬರಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್‌ನವರು ತರಬೇತಿ ಶಿಬಿರಕ್ಕೆ ಕರೆದರು. ಅಲ್ಲಿ ಆಗಲೇ ಇದ್ದ ಕ್ವಾರ್ಟರ್‌ಬ್ಯಾಕ್‌ಗಳು ಬ್ರೆಟ್ ಫಾರ್ವ್, ಮಾರ್ಕ್ ಬ್ರುನೆಲ್, ಟೈ ಡೆಟ್ಮರ್. ಒಂದು ದಿನ ಕೋಚ್ ಸ್ಟೀವ್ ಮರಿಯೂಚಿ ಒಳಗೆ ಹೋಗಿ ಆಡು ಅಂದಾಗ, ಆಟದ ಯೋಜನೆಗಳು ಇನ್ನೂ ತಲೆಗೆ ಹತ್ತಿಲ್ಲ ಅಂತ ಇವನು ಹೋಗಲೇ ಇಲ್ಲ. ಇದನ್ನು ಅವನೇ ಹೇಳಿಕೊಂಡಿದ್ದಾನೆ. ಸ್ವಲ್ಪ ದಿನಕ್ಕೆ ಮನೆಗೆ ಕಳಿಸಿದರು.

ಅಂಗಡಿ ಬರೋದು ಇಲ್ಲಿ. ಸೀಡರ್ ಫಾಲ್ಸ್ ಊರಿನ ಹೈ-ವೀ ಅನ್ನುವ ಸೂಪರ್ ಮಾರ್ಕೆಟ್, ರಾತ್ರಿ ಪಾಳಿ, ಗಂಟೆಗೆ ಐದೂವರೆ ಡಾಲರ್. ಹಗಲು ಹೊತ್ತು ಅಭ್ಯಾಸ. ಆಗ ಅವನು ಬ್ರೆಂಡಾ ಅನ್ನುವ ಹೆಣ್ಣುಮಗಳ ಜೊತೆ ಇದ್ದ. ಆಕೆ ಹಿಂದೆ ಮರೀನ್ಸ್ ಸೇನೆಯಲ್ಲಿದ್ದವಳು, ವಿಚ್ಛೇದನ ಆಗಿ ಎರಡು ಮಕ್ಕಳ ತಾಯಿ, ದೊಡ್ಡವನಿಗೆ ಮಗುವಾಗಿದ್ದಾಗ ತಲೆಗೆ ಪೆಟ್ಟು ಬಿದ್ದು ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಎಲ್ಲರೂ ಆಕೆಯ ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಇದ್ದರು. 1996ರಲ್ಲಿ ಆ ಅಪ್ಪ ಅಮ್ಮ ಇಬ್ಬರೂ ಆರ್ಕನ್ಸಾದಲ್ಲಿ ಸುಂಟರಗಾಳಿಗೆ ಸಿಕ್ಕಿ ತೀರಿಕೊಂಡರು. ರೀಲ್‌ನಲ್ಲಿ ಅಂಗಡಿಯನ್ನು ಬಡತನದ ಗುರುತಿಗೆ ತೋರಿಸುತ್ತಾರೆ. ನನಗೆ ಕೇಳಿದರೆ ಅಂಗಡಿ ಕೆಲಸ ಆ ಮನೆಯ ಸಣ್ಣ ತಾಪತ್ರಯ.

ಈಗ ರೀಲ್ ಹಾರಿಸಿಬಿಡುವ ಭಾಗ. ನಮ್ಮಲ್ಲಿ ಭಾರತ ತಂಡಕ್ಕೆ ಬರದಿದ್ದರೆ ರಣಜಿ ಇದೆ, ಅಲ್ಲಿ ರನ್ ಹೊಡೆದು ಮತ್ತೆ ಬಾಗಿಲು ತಟ್ಟಬಹುದು. ಇಲ್ಲಿ ಎನ್‌ಎಫ್‌ಎಲ್ ಅನ್ನುವ ದೊಡ್ಡ ವೃತ್ತಿಪರ ಲೀಗ್ ಕೆಳಗೆ ಅಂಥದ್ದು ಇಲ್ಲ. ಕಾಲೇಜೇ ರಣಜಿ, ಅದು ಮುಗಿದರೆ ಮುಗೀತು. ವಾರ್ನರ್‌ಗೆ ಸಿಕ್ಕಿದ್ದು ಅರೀನಾ ಫುಟ್‌ಬಾಲ್. ಒಳಾಂಗಣದಲ್ಲಿ, ಐಸ್ ಹಾಕಿ ಆಟದ ಅಂಗಳದಷ್ಟೇ ಜಾಗದಲ್ಲಿ, ಮೈದಾನದ ಉದ್ದ 100 ಗಜದ ಬದಲು 50 ಗಜ, ತಂಡಕ್ಕೆ ಎಂಟೇ ಜನ, ಅಂಚಿನಲ್ಲಿ ಮೆತ್ತೆ ಹೊದಿಸಿದ ಗೋಡೆ. ಜನ ನಗುತ್ತಿದ್ದ ಆಟ. 1995ರಿಂದ 1997ರವರೆಗೆ ಡಿ ಮೊಯ್ನ್ ನಗರದ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡಕ್ಕೆ ಆಡಿದ, ಎರಡು ಸಲ ಫೈನಲ್‌ಗೆ ಕರೆದೊಯ್ದ, ಎರಡು ಸಲವೂ ಸೋತ.

ಆ ಚಿಕ್ಕ ಜಾಗದಲ್ಲಿ ಚೆಂಡು ಕೈಯಲ್ಲಿ ಇಟ್ಟುಕೊಂಡು ಯೋಚಿಸುತ್ತಾ ನಿಲ್ಲೋಕೆ ಆಗೋದಿಲ್ಲ. ಸಂದು ಕಂಡಿತೋ, ಎಸೆಯಬೇಕು. ಕಾಣುವ ಮೊದಲೇ ಎಸೆದರೆ ಇನ್ನೂ ಒಳ್ಳೇದು. ಮುಂದೆ ದೊಡ್ಡ ಮೈದಾನಕ್ಕೆ ಬಂದಾಗ ಎದುರಿನವರು ಮೈಮೇಲೆ ಬರುತ್ತಿದ್ದರೂ ಕದಲದೆ ನಿಂತು, ತನ್ನವನು ಇನ್ನೂ ತಿರುಗೇ ಇಲ್ಲ ಅನ್ನುವಾಗಲೇ ಚೆಂಡು ಬಿಡುತ್ತಿದ್ದನಲ್ಲ, ಆ ಕೈ ತಯಾರಾಗಿದ್ದು ಇಲ್ಲೇ ಅನ್ನೋದು ನನ್ನ ಲೆಕ್ಕ. ಪ್ಯಾಕರ್ಸ್‌ನಲ್ಲೇ ಉಳಿದಿದ್ದರೆ ನಾಲ್ಕು ವರ್ಷ ಟೋಪಿ ಹಾಕಿಕೊಂಡು ಫಾರ್ವ್ ಆಟ ನೋಡುತ್ತಾ ನಿಂತಿರುತ್ತಿದ್ದ, ಅಲ್ವಾ?

1997ರಲ್ಲಿ ಶಿಕಾಗೋ ಬೇರ್ಸ್ ತಂಡದಿಂದ ಪರೀಕ್ಷೆಗೆ ಬುಲಾವ್ ಬಂತು. ಆದರೆ ಜಮೈಕಾಗೆ ಹನಿಮೂನ್ ಹೋಗಿದ್ದಾಗ ಏನೋ ಹುಳ ಕಚ್ಚಿ, ಜೇಡ ಇರಬೇಕು ಅಂತಾರೆ, ಎಸೆಯುವ ಕೈಯ ಮೊಣಕೈ ಊದಿ ಅದೂ ತಪ್ಪಿತು. ಇದನ್ನು ಸಿನಿಮಾದಲ್ಲಿ ಇಟ್ಟರೆ ನಾವು ನಂಬೋದಿಲ್ಲ. 1998ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಸೇರಿಸಿಕೊಂಡು ಎನ್‌ಎಫ್‌ಎಲ್ ಯೂರೋಪ್ ಅನ್ನುವ ಚಿಕ್ಕ ಲೀಗ್‌ಗೆ, ಆಮ್‌ಸ್ಟರ್‌ಡ್ಯಾಮ್‌ಗೆ ಕಳಿಸಿತು. ಅಲ್ಲಿ ಆ ಲೀಗ್‌ನಲ್ಲೇ ಜಾಸ್ತಿ ಗಜ ಎಸೆದವನು ಇವನೇ. ವಾಪಸ್ ಬಂದು ರ‍್ಯಾಮ್ಸ್‌ನಲ್ಲಿ ಮೂರನೆಯವನು. 1999ರ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್‌ನ ಹೊಸ ತಂಡ ಬೇರೆ ತಂಡಗಳಿಂದ ಆಟಗಾರರನ್ನು ಎತ್ತಿಕೊಳ್ಳಬಹುದಿತ್ತು. ರ‍್ಯಾಮ್ಸ್‌ನವರು ಬೇಕಾದರೆ ತಗೊಂಡು ಹೋಗಿ ಅಂತ ಬಿಟ್ಟ ಪಟ್ಟಿಯಲ್ಲಿ ವಾರ್ನರ್ ಹೆಸರಿತ್ತು. ಅವರೂ ತಗೊಳ್ಳಲಿಲ್ಲ.

ಆ ವರ್ಷ ರ‍್ಯಾಮ್ಸ್ ದುಡ್ಡು ಸುರಿದು ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್‌ನ ತಂದಿತ್ತು. ಆಗಸ್ಟ್‌ನಲ್ಲಿ, ಲೆಕ್ಕಕ್ಕೇ ಇಲ್ಲದ ಒಂದು ಅಭ್ಯಾಸ ಪಂದ್ಯದಲ್ಲಿ, ಅವನ ಮಂಡಿ ಹೋಯಿತು. ಕೋಚ್ ಡಿಕ್ ವರ್ಮೀಲ್ ಪತ್ರಕರ್ತರ ಮುಂದೆ ಕಣ್ಣೀರು ಹಾಕುತ್ತಾ, ನಾವು ಕರ್ಟ್ ವಾರ್ನರ್ ಬೆನ್ನಿಗೆ ನಿಂತು ಒಳ್ಳೆಯ ಆಟ ಆಡುತ್ತೇವೆ ಅಂದರು. ಹಿಂದಿನ ವರ್ಷ 16ರಲ್ಲಿ 4 ಗೆದ್ದಿದ್ದ ತಂಡ ಅದು. 28 ವರ್ಷದ ಈ ಮನುಷ್ಯ ಅಲ್ಲಿವರೆಗೆ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಶುರುವಿನಿಂದ ಆಡಿರಲಿಲ್ಲ.

ಮುಂದಿನದು ರೀಲ್‌ನಲ್ಲಿ ನೋಡಿದ್ದೀರಿ, ಬೇಗ ಹೇಳಿಬಿಡುತ್ತೇನೆ. 41 ಟಚ್‌ಡೌನ್ ಎಸೆತ (ಟಚ್‌ಡೌನ್ ಅಂದರೆ ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸೋದು), 4,353 ಗಜ, 16ರಲ್ಲಿ 13 ಗೆಲುವು, ಲೀಗ್‌ನ ಅತ್ಯುತ್ತಮ ಆಟಗಾರ. ಜೊತೆಗಿದ್ದವರೂ ಸಾಮಾನ್ಯರಲ್ಲ: ಮಾರ್ಷಲ್ ಫಾಲ್ಕ್, ಐಸಾಕ್ ಬ್ರೂಸ್, ಟೋರಿ ಹೋಲ್ಟ್. ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒಂದೇ ಪಂದ್ಯದಲ್ಲಿ ಐದು ಟಚ್‌ಡೌನ್ ಎಸೆದ. ಆ ತಂಡಕ್ಕೆ ರ‍್ಯಾಮ್ಸ್ ಸತತ 17 ಸಲ ಸೋತಿತ್ತು. ಎದುರು ತಂಡದ ಕೋಚ್ ಯಾರು ಗೊತ್ತಾ? ಗ್ರೀನ್ ಬೇಯಲ್ಲಿ ಒಳಗೆ ಹೋಗು ಅಂದಿದ್ದ ಅದೇ ಮರಿಯೂಚಿ. 2000ದ ಜನವರಿ 30ಕ್ಕೆ ಅಟ್ಲಾಂಟಾದಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಟೆನೆಸಿ ಟೈಟನ್ಸ್ ಎದುರು. 16-16 ಸಮ ಇದ್ದಾಗ, ಎರಡು ನಿಮಿಷ ಬಾಕಿ, ಟೈಟನ್ಸ್‌ನ ಜೆವಾನ್ ಕರ್ಸ್ ಮೈಮೇಲೆ ಬೀಳುತ್ತಿರುವಾಗಲೇ ವಾರ್ನರ್ ಎಸೆದ. ಚೆಂಡು ಗುರಿಗಿಂತ ಸ್ವಲ್ಪ ಹಿಂದೆ ಬಿತ್ತು, ಬ್ರೂಸ್ ಹಿಂದೆ ಸರಿದು ಹಿಡಿದು ಓಡಿದ, 73 ಗಜ. ಕೊನೆಯ ಕ್ಷಣದಲ್ಲಿ ಟೈಟನ್ಸ್‌ನವನನ್ನು ಗೆರೆಗೆ ಒಂದು ಗಜ ದೂರದಲ್ಲಿ ಮೈಕ್ ಜೋನ್ಸ್ ಹಿಡಿದು ಕೆಡವಿದ. 23-16. ವಾರ್ನರ್ ಎಸೆದ 414 ಗಜ ಆಗ ಸೂಪರ್ ಬೌಲ್ ದಾಖಲೆ.

ರೀಲ್ ಇಲ್ಲಿಗೆ ಮುಗಿಯುತ್ತದೆ. ಬದುಕು ಮುಗಿಯಲಿಲ್ಲ. ಏಳು ವರ್ಷಕ್ಕೆ 4 ಕೋಟಿ 65 ಲಕ್ಷ ಡಾಲರ್ ಒಪ್ಪಂದ ಆಯಿತು. 2001ರಲ್ಲಿ ಮತ್ತೆ ಲೀಗ್‌ನ ಅತ್ಯುತ್ತಮ ಆಟಗಾರ, ಮತ್ತೆ ಸೂಪರ್ ಬೌಲ್, ಆದರೆ ಟಾಮ್ ಬ್ರೇಡಿ ಅನ್ನುವ ಹೊಸ ಹುಡುಗನ ಪೇಟ್ರಿಯಟ್ಸ್ ಎದುರು 20-17ಕ್ಕೆ ಸೋಲು. ಆಮೇಲೆ ಕೈಗೆ ಏಟು ಬೀಳುತ್ತಾ ಹೋಯಿತು. 2002ರಲ್ಲಿ ಶುರು ಮಾಡಿದ ಆರೂ ಪಂದ್ಯ ಸೋತ. 2003ರ ಮೊದಲ ಪಂದ್ಯದಲ್ಲಿ ಚೆಂಡು ಆರು ಸಲ ಕೈಜಾರಿತು, ತಲೆಗೂ ಪೆಟ್ಟು. ಅವನ ಜಾಗಕ್ಕೆ ಮಾರ್ಕ್ ಬಲ್ಜರ್ ಬಂದ. ಗ್ರೀನ್‌ಗೆ ಆಗಿದ್ದೇ ಈಗ ಇವನಿಗೆ ಆಯಿತು. 2004ರಲ್ಲಿ ರ‍್ಯಾಮ್ಸ್ ಕೈಬಿಟ್ಟಿತು. ಈ ಲೀಗ್‌ನ ಒಪ್ಪಂದಗಳೇ ಹಾಗೆ, ಕಾಗದದ ಮೇಲಿನ ಅಂಕಿ ಪೂರ್ತಿ ಕೈಗೆ ಬರುತ್ತೆ ಅಂತೇನಿಲ್ಲ. ನ್ಯೂಯಾರ್ಕ್ ಜೈಂಟ್ಸ್‌ಗೆ ಹೋದ, ಒಂಬತ್ತರಲ್ಲಿ ಐದು ಗೆದ್ದಿದ್ದರೂ ಹೊಸಬ ಈಲೈ ಮ್ಯಾನಿಂಗ್‌ಗೆ ಜಾಗ ಬಿಡಬೇಕಾಯಿತು. 2005ರಲ್ಲಿ ಅರಿಜೋನಾ. ಅಲ್ಲೂ ಮರುವರ್ಷವೇ ಮ್ಯಾಟ್ ಲೈನಾರ್ಟ್ ಅನ್ನುವ ಹುಡುಗನನ್ನು ಡ್ರಾಫ್ಟ್‌ನಲ್ಲಿ ತಂದರು. 2007ರಲ್ಲಿ ಆ ಹುಡುಗನ ಕುತ್ತಿಗೆ ಕೆಳಗಿನ ಎಲುಬು ಮುರಿಯಿತು, ವಾರ್ನರ್ ಮತ್ತೆ ಒಳಗೆ.

ಅದೃಷ್ಟವಾ ಅಂತ ಕೇಳಿದಿರಲ್ಲ. ಎರಡು ಸಲ ಬಾಗಿಲು ತೆರೆದಿದ್ದು ಇನ್ನೊಬ್ಬನ ಎಲುಬು, ಮಂಡಿ ಮುರಿದು. ಇದನ್ನು ಅದೃಷ್ಟ ಅನ್ನದೆ ಇನ್ನೇನು ಅನ್ನೋಣ? ಆದರೆ ಪ್ರತಿ ವರ್ಷ ಯಾರದೋ ಮಂಡಿ ಹೋಗುತ್ತದೆ, ಅಂಚಿನಲ್ಲಿ ನಿಂತಿದ್ದ ಯಾರೋ ಒಳಗೆ ಹೋಗುತ್ತಾರೆ. 41 ಟಚ್‌ಡೌನ್ ಎಸೆಯೋರು ಯಾರಿದ್ದಾರೆ? ಅಂದಹಾಗೆ ಗ್ರೀನ್ ಏನೂ ಹಾಳಾಗಲಿಲ್ಲ, ಕೋಚ್ ವರ್ಮೀಲ್ ಆಮೇಲೆ ಕ್ಯಾನ್ಸಸ್ ಸಿಟಿಗೆ ಹೋದಾಗ ಅವನನ್ನು ಅಲ್ಲಿಗೆ ಕರೆಸಿಕೊಂಡರು, ಚೆನ್ನಾಗಿಯೇ ಆಡಿದ.

2008ನೇ ಸೀಸನ್ ನಾನು ಕಣ್ಣಾರೆ ನೋಡಿದ್ದು. ಡಿಸೆಂಬರ್‌ನಲ್ಲಿ ಹಿಮದಲ್ಲಿ ಪೇಟ್ರಿಯಟ್ಸ್ ಎದುರು 47-7ಕ್ಕೆ ಸೋತಾಗ, ನನಗೆ ಆಟ ಕಲಿಸುತ್ತಿದ್ದ ರೂಮ್‌ಮೇಟ್ ಟಿವಿ ಆರಿಸಿ ಅನ್ನ ಇಡೋಕೆ ಎದ್ದು ಹೋದ. 9 ಗೆಲುವು, 7 ಸೋಲಿನ ತಂಡ. 1947ರಿಂದ ಚಾಂಪಿಯನ್ ಆಗಿರದ, ಸೂಪರ್ ಬೌಲ್ ಮುಖವನ್ನೇ ನೋಡದ ತಂಡ. ಅದು ಅಟ್ಲಾಂಟಾವನ್ನು, ಕ್ಯಾರೊಲೈನಾವನ್ನು, ಗ್ಲೆಂಡೇಲ್‌ನಲ್ಲಿ ಫಿಲಡೆಲ್ಫಿಯಾವನ್ನು ಸೋಲಿಸಿ ಫೈನಲ್‌ಗೆ ಹೋಯಿತು. ಫೆಬ್ರವರಿ 1, 2009, ಸಂಜೆ. ಎರಡು ಬೆಡ್‌ರೂಮಿನ ಮನೆಯಲ್ಲಿ ಹದಿನಾಲ್ಕು ಜನ, ಅರ್ಧ ಜನಕ್ಕೆ ನಿಯಮ ಗೊತ್ತಿಲ್ಲ. ಮೊದಲರ್ಧದ ಕೊನೆಗೆ ನಮ್ಮವರು ಗೆರೆಯಿಂದ ಒಂದು ಗಜದಲ್ಲಿದ್ದರು. ವಾರ್ನರ್ ಎಸೆದ ಚೆಂಡನ್ನು ಎದುರು ತಂಡ ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್ ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ 100 ಗಜ ಓಡಿಬಿಟ್ಟ. ಆಮೇಲೂ ವಾರ್ನರ್ ಬಿಡಲಿಲ್ಲ. ಎರಡೂವರೆ ನಿಮಿಷ ಇದ್ದಾಗ ಲ್ಯಾರಿ ಫಿಟ್ಜೆರಾಲ್ಡ್‌ಗೆ 64 ಗಜದ ಟಚ್‌ಡೌನ್, 23-20, ಮುಂದೆ ನಾವು. ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ತಟ್ಟಿದರು, ಅಷ್ಟು ಗಲಾಟೆ. 35 ಸೆಕೆಂಡ್ ಉಳಿದಾಗ ಸ್ಟೀಲರ್ಸ್ ಟಚ್‌ಡೌನ್, 27-23. ಎಲ್ಲರೂ ಸುಮ್ನೆ ತಣ್ಣಗಾದ ಪಿಜ್ಜಾ ತಿಂದು ಮನೆಗೆ ಹೋದರು.

ಅವನಲ್ಲಿ ತಪ್ಪೂ ಇತ್ತು, ಅದನ್ನೂ ಹೇಳಬೇಕು. ಚೆಂಡು ಗಟ್ಟಿಯಾಗಿ ಹಿಡಿಯೋದು ಕಡೆಯವರೆಗೂ ಸರಿಹೋಗಲಿಲ್ಲ, ಕೊನೆಯ ವರ್ಷಗಳಲ್ಲಿ ಎರಡೂ ಕೈಗೆ ಗ್ಲೌಸ್ ಹಾಕಿ ಆಡುತ್ತಿದ್ದ. ಓಟ ಅಂತೂ ಕೇಳಲೇಬೇಡಿ, ನಮ್ಮ ದೊಡ್ಡಪ್ಪ ಬಸ್ ಹಿಡಿಯಲು ಓಡಿದ ಹಾಗೆ. 2010ರ ಜನವರಿಯಲ್ಲಿ, 38ನೇ ವಯಸ್ಸಿಗೆ ನಿವೃತ್ತಿ. 2017ರಲ್ಲಿ ಹಾಲ್ ಆಫ್ ಫೇಮ್, ಅಂದರೆ ಈ ಆಟದ ದಿಗ್ಗಜರ ಪಟ್ಟಿ. ಅರೀನಾ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ನಲ್ಲೂ ಅವನಿದ್ದಾನೆ, ಎರಡರಲ್ಲೂ ಇರುವ ಆಟಗಾರ ಇವನೊಬ್ಬನೇ.

ಯಾವ ಪಂದ್ಯ ನೋಡಲಿ ಅಂದಿರಿ. ಸೂಪರ್ ಬೌಲ್‌ಗಳನ್ನು ಆಮೇಲೆ ನೋಡಿ. ಮೊದಲು 2010ರ ಜನವರಿ 10ರದ್ದು ಹುಡುಕಿ, ಕಾರ್ಡಿನಲ್ಸ್ ಮತ್ತು ಪ್ಯಾಕರ್ಸ್, ಹೌದು, 1994ರಲ್ಲಿ ಮನೆಗೆ ಕಳಿಸಿದ್ದ ಅದೇ ಪ್ಯಾಕರ್ಸ್. 51-45, ಹೆಚ್ಚುವರಿ ಸಮಯದಲ್ಲಿ ಗೆಲುವು. ವಾರ್ನರ್ 33 ಸಲ ಎಸೆದ, 29 ತನ್ನವರ ಕೈ ಸೇರಿತು, ಅದರಲ್ಲಿ ಐದು ಟಚ್‌ಡೌನ್. ನೆಲಕ್ಕೆ ಬಿದ್ದಿದ್ದು ನಾಲ್ಕೇ ನಾಲ್ಕು. ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಅವನ ಕೈಯಿಂದ ಚೆಂಡು ಬಿಡುವ ಹೊತ್ತಿಗೆ ಅದನ್ನು ಹಿಡಿಯಬೇಕಾದವನು ಎಲ್ಲಿದ್ದಾನೆ ಅಂತ ನೋಡಿ. ಮುಂದಿನ ವಾರದ ನ್ಯೂ ಓರ್ಲೀನ್ಸ್ ಪಂದ್ಯ ಬೇಕಾದರೆ ಬಿಡಿ, ಅದರಲ್ಲಿ ಅವನಿಗೆ ಬೀಳುವ ಪೆಟ್ಟನ್ನು ನಾನು ಇವತ್ತಿಗೂ ಎರಡನೇ ಸಲ ನೋಡಿಲ್ಲ.